ಹೋಬಳಿ ಆಸ್ಪತ್ರೆಯ ಹೆರಿಗೆ ಕೊಠಡಿ ಮತ್ತು ನಮ್ಮ ಪಂಚಾಯಿತಿ

ಮಂಡ್ಯ ಜಿಲ್ಲೆಯಲ್ಲಿರುವ ನಮ್ಮ ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರದಿಂದ ಸ್ತ್ರೀರೋಗ ತಜ್ಞೆಯನ್ನೂ ಅರಿವಳಿಕೆ ತಜ್ಞರನ್ನೂ ತಾಲ್ಲೂಕು ಆಸ್ಪತ್ರೆಗೆ ನಿಯೋಜಿಸುವ ಪ್ರಸ್ತಾವವಿದೆ ಎಂಬ ಸಂಗತಿ ಗ್ರಾಮ ಪಂಚಾಯಿತಿಗೆ ಯಾವ ಪತ್ರದ ಮೂಲಕವೂ ತಿಳಿಯಲಿಲ್ಲ. ಅದು ಮೊದಲು ತಲುಪಿದ್ದು ಹಾಲಿನ ಡೇರಿಗೆ. ಬೆಳಗಿನ ಹಾಲು ಹಾಕಲು ಬಂದವರ ಬಾಯಲ್ಲಿ ಅದು ‘ಆಸ್ಪತ್ರೆ ಮುಚ್ತಾರಂತೆ’ ಎಂದಾಗಿ, ಸಂಜೆಯ ಹಾಲಿನ ಹೊತ್ತಿಗೆ ‘ಆಸ್ಪತ್ರೇನ ಖಾಸಗಿಯೋರಿಗೆ ಕೊಟ್ಬುಟ್ರಂತೆ’ ಎಂದಾಗಿತ್ತು. ಮರುದಿನ ಪಂಚಾಯಿತಿ ಕಚೇರಿಯ ಮುಂದೆ ನೆರೆದ ಯುವಕರು ಹೆದ್ದಾರಿ ತಡೆಯ ದಿನಾಂಕವನ್ನೇ ನಿಗದಿ ಮಾಡಿಕೊಂಡು ಬಂದಿದ್ದರು.

ನಾನು 2020ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದು ಪಂಚಾಯಿತಿಗೆ ಬಂದವಳು. ಅದಕ್ಕೂ ಮೊದಲು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ಲೆಕ್ಕ ಬರೆಯುತ್ತಿದ್ದೆ. ಜಿಡ್ಡಿನಂಶದ ಒಂದು ಅಂಕಿ ಆಚೀಚೆಯಾದರೂ ಜಗಳಕ್ಕೆ ಬರುವ ಸದಸ್ಯರ ಎದುರು ಕುಳಿತು ಪುಸ್ತಕ ತೋರಿಸಿದ ಅಭ್ಯಾಸವಿದ್ದುದರಿಂದ, ರಸ್ತೆ ತಡೆಗೆ ಮುಂಚೆ ಆಸ್ಪತ್ರೆಯ ಪುಸ್ತಕಗಳನ್ನು ನೋಡೋಣ ಎಂದೆ. ‘ಅಕ್ಕ, ನೀವು ಪುಸ್ತಕ ನೋಡ್ತಾ ಕೂತ್ರೆ ಡಾಕ್ಟ್ರು ಅಷ್ಟೊತ್ಗೆ ಹೊಂಟೋಗಿರ್ತಾರೆ’ ಎಂದು ಒಬ್ಬ ಹುಡುಗ ಹೇಳಿದ. ಅವನ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಸರ್ಕಾರಿ ನಿಯೋಜನೆಗಳು ಹಾಗೆಯೇ ನಡೆಯುತ್ತವೆ. ಆದರೂ ಪಂಚಾಯಿತಿಯ ತುರ್ತು ಸಭೆ ಕರೆಯುವ ತನಕ ರಸ್ತೆಗೆ ಇಳಿಯುವುದಿಲ್ಲ ಎಂಬ ಒಪ್ಪಂದ ಆಯಿತು.

ಇಲ್ಲಿ ನಮಗೆ ಎದುರಾದ ಮೊದಲ ತೊಡಕೆಂದರೆ ಪ್ರಶ್ನೆ ಕೇಳುವ ಜಾಗ ಯಾವುದು ಎಂಬುದು. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿದ್ದು, ಅವುಗಳಲ್ಲಿ 23ನೆಯದು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳೂ ಸೇರಿದ ಆರೋಗ್ಯ ಮತ್ತು ನೈರ್ಮಲ್ಯ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂದೇ ಒಂದು ಸಮಿತಿ ಇದೆ. ವೈದ್ಯರ ಹುದ್ದೆ, ಔಷಧಿ, ಕಟ್ಟಡ, ಹೆರಿಗೆ ವಿಭಾಗದ ಸ್ಥಿತಿ ಇವುಗಳನ್ನು ಕುರಿತು ಅಧಿಕಾರಿಗಳನ್ನು ಕೂರಿಸಿಕೊಂಡು ಪ್ರಶ್ನಿಸಬೇಕಾದದ್ದು ಅಲ್ಲಿ. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲೇ ಮುಗಿದು, ಮತ್ತೆ ಚುನಾವಣೆ ನಡೆದಿರಲಿಲ್ಲ. ಅಧ್ಯಕ್ಷರ ಕೊಠಡಿಗೆ ಬೀಗ, ಆಡಳಿತಾಧಿಕಾರಿಗಳ ಆಳ್ವಿಕೆ. ಪರಿಶೀಲನೆಗೆ ಒಳಗಾಗಬೇಕಾದ ಆಡಳಿತವೇ ಪರಿಶೀಲಿಸುವ ಸ್ಥಾನದಲ್ಲೂ ಕುಳಿತಿತ್ತು. ಅಂದಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಕಾಲದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದಾಗ ಗೈರುಹಾಜರಿ ವೈದ್ಯರು ಊರಿಗೆ ಬರತೊಡಗಿದರು ಎಂದು ಹಿರಿಯರು ಈಗಲೂ ಹೇಳುತ್ತಾರೆ. ನಜೀರ್ ಸಾಬರ ಹೆಸರಿನಲ್ಲೇ ಮೈಸೂರಿನಲ್ಲಿರುವ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಯಲ್ಲಿ ಮೂರು ಹಂತದ ಪಂಚಾಯಿತಿ ವ್ಯವಸ್ಥೆಯ ಚಿತ್ರ ಬರೆದುಕೊಂಡು ಬಂದಿದ್ದ ನಮಗೆ, ಮೇಲಿನ ಎರಡು ಹಂತ ಖಾಲಿ ಇದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗಾಗಿ ತುರ್ತು ಸಭೆಯಲ್ಲಿ ನಾವು ಮಾಡಿದ ನಿರ್ಣಯ ಸಣ್ಣದು. ಹೋಬಳಿ ಆಸ್ಪತ್ರೆಯ ಹೆರಿಗೆ ಸೇವೆಯಲ್ಲಿ ಆಗಲಿರುವ ಬದಲಾವಣೆಯನ್ನು ಪರಿಶೀಲಿಸಿ ವರದಿ ಕೊಡಲು ಕೆಲವು ಸದಸ್ಯರು, ಒಬ್ಬ ನಿವೃತ್ತ ಶುಶ್ರೂಷಕಿ ಮತ್ತು ಇಬ್ಬರು ಆಶಾ ಕಾರ್ಯಕರ್ತೆಯರಿರುವ ತಂಡವನ್ನು ರಚಿಸಿ, ಅದನ್ನು ನಡಾವಳಿಯಲ್ಲಿ ದಾಖಲಿಸಿ, ಆಸ್ಪತ್ರೆಯ ಸೇವೆ ಪಡೆಯುವ ಅಕ್ಕಪಕ್ಕದ ಪಂಚಾಯಿತಿಗಳಿಗೂ ಪ್ರತಿ ಕಳುಹಿಸಿದೆವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಇದು ಕಾಯ್ದೆಯ ಯಾವ ಪ್ರಕರಣದಡಿ ಬರುತ್ತದೆ ಎಂಬ ಅನುಮಾನವಿತ್ತು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿ ಹೇಗೂ ಪಂಚಾಯಿತಿಯ ಆಶ್ರಯದಲ್ಲೇ ಇರುವುದರಿಂದ ಅದರ ಕೆಲಸದ ಮುಂದುವರಿಕೆ ಎಂದು ಬರೆಯೋಣ ಎಂದೆ. ಅವರು ಒಪ್ಪಿದರು. ಆ ಸಮಿತಿಯನ್ನು ಹಲವು ಊರುಗಳಲ್ಲಿ ಫಾಗಿಂಗ್ ಮಾಡಿಸಲು ಮತ್ತು ಬ್ಲೀಚಿಂಗ್ ಪೌಡರ್ ಕೊಳ್ಳಲು ಮಾತ್ರ ನೆನಪಿಸಿಕೊಳ್ಳುತ್ತಾರೆ ಎಂಬುದು ಬೇರೆ ಮಾತು.

ದಾಖಲೆ ಪಡೆಯುವುದು ಸುಲಭವಾಗಲಿಲ್ಲ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳು ಸೌಜನ್ಯದಿಂದಲೇ ಮಾತನಾಡಿದರೂ, ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಪುಸ್ತಕ ತೋರಿಸಲಾಗದು ಎಂದರು. ಮಾಹಿತಿ ಹಕ್ಕಿನ ಅರ್ಜಿಯನ್ನು ಪಂಚಾಯಿತಿಯ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಟ್ಟಾಗ ಟಪಾಲು ವಿಭಾಗದ ಗುಮಾಸ್ತರು ಅದನ್ನು ವಾಪಸ್ ಮಾಡಿದರು. ಆ ಹಕ್ಕು ಇರುವುದು ನಾಗರಿಕರಿಗೆ, ಸಂಸ್ಥೆಗಲ್ಲ ಎಂಬ ಅವರ ಮಾತು ಸರಿಯಾಗಿಯೇ ಇತ್ತು. ಆದ್ದರಿಂದ ನನ್ನ ಸ್ವಂತ ಹೆಸರಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮತ್ತೊಂದು ಅರ್ಜಿ ಕೊಟ್ಟೆ. ರೋಗಿಗಳ ಹೆಸರು, ವಿಳಾಸ ಬೇಡವೆಂದೂ, ಹೆರಿಗೆಯ ದಿನಾಂಕ, ವೇಳೆ, ಸಹಜವೋ ಶಸ್ತ್ರಕ್ರಿಯೆಯೋ, ಬೇರೆಡೆಗೆ ಕಳುಹಿಸಿದ್ದರೆ ಎಲ್ಲಿಗೆ ಮತ್ತು ಯಾವ ಕಾರಣಕ್ಕೆ ಎಂಬುದಷ್ಟೇ ಸಾಕೆಂದೂ ಸ್ಪಷ್ಟವಾಗಿ ಬರೆದೆ. ಇದು ಮುಖ್ಯವಾಗಿತ್ತು. ಹೆಸರು ಕೇಳಿದ್ದರೆ ಖಾಸಗಿತನದ ಕಾರಣ ನೀಡಿ ಇಡೀ ಅರ್ಜಿಯನ್ನೇ ತಳ್ಳಿಹಾಕಬಹುದಿತ್ತು. ಅಲ್ಲದೆ ಒಂದು ಹೆಣ್ಣುಮಗಳ ಹೆರಿಗೆಯ ವಿವರ ಪಂಚಾಯಿತಿಯ ಕಟ್ಟೆಯ ಮೇಲೆ ಚರ್ಚೆಗೆ ಬರಬಾರದು. ಕಾಯ್ದೆ ಹೇಳುವ 30 ದಿನಗಳ ಗಡುವಿನ ಕೊನೆಯಂಚಿನಲ್ಲಿ, ಪುಟಕ್ಕೆ ಎರಡು ರೂಪಾಯಿಯಂತೆ ಹಣ ಕಟ್ಟಿಸಿಕೊಂಡು, ಪ್ರತಿಗಳನ್ನು ಕೊಟ್ಟರು.

ಆ ಪುಟಗಳನ್ನು ಹರಡಿಕೊಂಡು ಕುಳಿತ ಸಂಜೆಗಳೇ ಈ ಕೆಲಸದ ತಿರುಳು. ನಿವೃತ್ತ ಶುಶ್ರೂಷಕಿಯವರು ಹೆರಿಗೆ ಪುಸ್ತಕ, ಶಸ್ತ್ರಕ್ರಿಯಾ ಕೊಠಡಿಯ ಪುಸ್ತಕ, ಬೇರೆ ಆಸ್ಪತ್ರೆಗೆ ಕಳುಹಿಸಿದವರ ಪುಸ್ತಕ ಮತ್ತು ಸಿಬ್ಬಂದಿಯ ಪಾಳಿ ಪಟ್ಟಿಯನ್ನು ಒಂದರ ಪಕ್ಕ ಒಂದಿಟ್ಟು ವೇಳೆಯನ್ನು ಮಾತ್ರ ಓದಿಸುತ್ತ ಹೋದರು. ಸಿಸೇರಿಯನ್‌ಗಳು ಬಹುಪಾಲು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ, ಅದೂ ವಾರದ ಕೆಲವೇ ದಿನಗಳಲ್ಲಿ ಆಗಿದ್ದವು. ಸಂಜೆಯ ನಂತರ ತೊಡಕಾದ ಹೆರಿಗೆಗಳ ಎದುರು ಸಾಲುಸಾಲಾಗಿ ಇದ್ದ ಬರಹ ಒಂದೇ: ಉನ್ನತ ಚಿಕಿತ್ಸೆಗಾಗಿ ಕಳುಹಿಸಲಾಗಿದೆ. ಕೆಲವರನ್ನು ತಾಲ್ಲೂಕು ಆಸ್ಪತ್ರೆಗೆ, ಹೆಚ್ಚಿನವರನ್ನು ನೇರವಾಗಿ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ಗೆ, ಇನ್ನು ಕೆಲವರನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ. ತಾಲ್ಲೂಕು ಆಸ್ಪತ್ರೆಗೆ ಹೋದವರಲ್ಲೂ ಎಷ್ಟೋ ಮಂದಿ ಅಲ್ಲಿಂದ ಮತ್ತೆ ಮಂಡ್ಯಕ್ಕೆ ಹೋಗಿದ್ದರು ಎಂಬುದನ್ನು ಆಶಾ ಕಾರ್ಯಕರ್ತೆಯರು ತಮ್ಮ ತಾಯಿ ಕಾರ್ಡಿನ ಲೆಕ್ಕದಿಂದ ಹೇಳಿದರು. ಅಂದರೆ ಊರಿನವರು ಕಳೆದುಕೊಳ್ಳುತ್ತೇವೆಂದು ಹೆದರಿದ್ದ ರಾತ್ರಿಯ ತಜ್ಞ ಸೇವೆ ಆಸ್ಪತ್ರೆಯ ಫಲಕದಲ್ಲಿತ್ತು, ಪಾಳಿ ಪಟ್ಟಿಯಲ್ಲಿರಲಿಲ್ಲ.

ಇದಕ್ಕೆ ಯಾರನ್ನೂ ದೂರುವಂತಿರಲಿಲ್ಲ ಎಂಬುದು ಸ್ತ್ರೀರೋಗ ತಜ್ಞೆಯನ್ನು ಭೇಟಿಯಾದಾಗ ತಿಳಿಯಿತು. ಒಂದು ಆಸ್ಪತ್ರೆಯನ್ನು ಪ್ರಥಮ ಉಲ್ಲೇಖಿತ ಘಟಕ (ಕೆಳಹಂತದ ಕೇಂದ್ರಗಳು ತೊಡಕಾದವರನ್ನು ಮೊದಲು ಕಳುಹಿಸುವ ಆಸ್ಪತ್ರೆ) ಎನ್ನಬೇಕಾದರೆ ದಿನದ 24 ಗಂಟೆಯೂ ಸಿಸೇರಿಯನ್ ಸೇರಿದಂತೆ ತುರ್ತು ಹೆರಿಗೆ ಚಿಕಿತ್ಸೆ, ನವಜಾತ ಶಿಶುವಿನ ಆರೈಕೆ ಮತ್ತು ರಕ್ತ ಸಂಗ್ರಹದ ವ್ಯವಸ್ಥೆ ಇರಬೇಕು. ಇಲ್ಲಿ ಇದ್ದದ್ದು ಒಬ್ಬರು ಸ್ತ್ರೀರೋಗ ತಜ್ಞೆ ಮತ್ತು ವಾರದಲ್ಲಿ ಕೆಲವು ದಿನ ಬೇರೆಡೆಯೂ ಕೆಲಸ ಮಾಡಬೇಕಿದ್ದ ಒಬ್ಬರು ಅರಿವಳಿಕೆ ತಜ್ಞರು. ಮಕ್ಕಳ ತಜ್ಞರ ಹುದ್ದೆ ಖಾಲಿ. ರಕ್ತ ಸಂಗ್ರಹದ ಫ್ರಿಜ್ಜು ಹೆಸರಿಗೆ ಮಾತ್ರ. ‘ಮೇಡಂ, ರಾತ್ರಿ ಎರಡು ಗಂಟೆಗೆ ನಾನೊಬ್ಬಳೇ ಬಂದು ಏನು ಮಾಡಲಿ? ಅರಿವಳಿಕೆ ಕೊಡುವವರಿಲ್ಲ, ಮಗು ಅಳದಿದ್ದರೆ ನೋಡುವವರಿಲ್ಲ, ರಕ್ತ ಇಲ್ಲ. ಹೊಟ್ಟೆ ಕೊಯ್ದ ಮೇಲೆ ಕಳುಹಿಸುವುದಕ್ಕಿಂತ ಕೊಯ್ಯುವ ಮೊದಲೇ ಕಳುಹಿಸುವುದು ಮೇಲಲ್ಲವೇ?’ ಎಂದು ಅವರು ಕೇಳಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ವಿಭಾಗಕ್ಕೂ ಇಬ್ಬಿಬ್ಬರು ತಜ್ಞರಾದರೆ ಪಾಳಿ ಹಂಚಿಕೊಳ್ಳಬಹುದು, ಆಗ ರಾತ್ರಿಯ ಶಸ್ತ್ರಕ್ರಿಯೆ ನಿಜವಾಗಿಯೂ ಸಾಧ್ಯ ಎಂಬುದು ಅವರ ವಾದ. ಪ್ರಸ್ತಾವದ ತರ್ಕವೂ ಅದೇ ಆಗಿತ್ತು.

ಆ ತರ್ಕಕ್ಕೆ ಬಲವಾದ ಹಿನ್ನೆಲೆಯೂ ಇತ್ತು. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ ತಾಯಂದಿರ ಮರಣ 69, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದ ಮೇಲೆ, ರಾಜ್ಯದಲ್ಲಿ ಹೆರಿಗೆ ಸೇವೆಯ ಕುರಿತು ಆತಂಕವೂ ಚರ್ಚೆಯೂ ಒಟ್ಟಿಗೆ ಹೆಚ್ಚಿದ್ದವು. ತಜ್ಞರನ್ನು ಚದುರಿಸಿಡುವುದಕ್ಕಿಂತ ಒಂದೆಡೆ ಸೇರಿಸುವುದು ಒಳ್ಳೆಯದೆಂಬ ಮಾತನ್ನು ಪಂಚಾಯಿತಿಯವರು ವಿರೋಧಿಸಲೇಬೇಕೆಂದೇನೂ ಇರಲಿಲ್ಲ. ಈ ಅಭಿಪ್ರಾಯವನ್ನು ತಂಡದಲ್ಲಿ ಹೇಳಿದಾಗ ಒಬ್ಬ ಸದಸ್ಯರು ಎದ್ದು ಹೋದರು. ಜನರ ಮುಂದೆ ಇದನ್ನು ಹೇಳಿದರೆ ಮುಂದಿನ ಚುನಾವಣೆಯಲ್ಲಿ ಠೇವಣಿಯೂ ಉಳಿಯುವುದಿಲ್ಲ ಎಂದು ಹೇಳಿಯೇ ಹೋದರು.

ನಿಜವಾದ ಪ್ರಶ್ನೆ ಹುಟ್ಟಿದ್ದು ಗ್ರಾಮ ಸಭೆಯಲ್ಲಿ. ಗಂಡಸರು ಆಸ್ಪತ್ರೆಯ ಕಟ್ಟಡ, ಊರಿನ ಮರ್ಯಾದೆ, ಪಕ್ಕದ ಹೋಬಳಿಗೆ ಸಿಕ್ಕ ಅನುದಾನ ಇವುಗಳ ಬಗ್ಗೆ ಬಹಳ ಹೊತ್ತು ಮಾತನಾಡಿದ ಮೇಲೆ, ನಾಲೆಯಾಚೆಯ ಊರಿನ ಒಬ್ಬ ಹಿರಿಯ ಹೆಂಗಸು ಕುಳಿತಲ್ಲಿಂದಲೇ ಕೇಳಿದರು: ‘ಅಲ್ಲಾ ಕನವ್ವ, ಡಾಕ್ಟ್ರು ಎಲ್ಲಾದ್ರೂ ಇರ್ಲಿ. ರಾತ್ರೊತ್ತು ನೋವು ಬಂದೋಳ್ನ ಅಲ್ಲಿಗಂಟ ಯಾರು ಕರ್ಕೊಂಡೋಗೋರು?’ ಇದಕ್ಕೆ ವೇದಿಕೆಯ ಮೇಲಿದ್ದ ಆರೋಗ್ಯ ಇಲಾಖೆಯ ಪ್ರತಿನಿಧಿಗಳು 108 ಇದೆಯಲ್ಲ ಎಂದರು. ಸಭೆಯ ಹೆಣ್ಣುಮಕ್ಕಳ ಕಡೆಯಿಂದ ಒಂದು ಸಣ್ಣ ನಗು ಬಂತು.

108 ಆರೋಗ್ಯ ಕವಚ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಅದರಿಂದ ಉಳಿದ ಜೀವಗಳನ್ನು ನಮ್ಮೂರಿನಲ್ಲೇ ತೋರಿಸಬಲ್ಲೆ. ಆದರೆ ನಮ್ಮ ಹೋಬಳಿಗೆ ಬರುವ ವಾಹನ ಬೇರೊಂದು ಕಡೆ ನಿಲ್ಲುತ್ತಿತ್ತು, ಅದೇ ವಾಹನ ಅಪಘಾತಗಳಿಗೂ ಹೋಗಬೇಕಿತ್ತು. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೂ ಆಲೆಮನೆಗೂ ಹೊರಟ ಎತ್ತಿನ ಗಾಡಿ, ಟ್ರ್ಯಾಕ್ಟರ್, ಲಾರಿಗಳು ಸಂಜೆಯಿಂದಲೇ ರಸ್ತೆಯ ಅರ್ಧವನ್ನು ಹಿಡಿದುಕೊಂಡಿರುತ್ತವೆ. ಅದನ್ನು ತಪ್ಪಿಸಲು ಚಾಲಕರು ನಾಲೆ ಏರಿಯ ದಾರಿ ಹಿಡಿಯುತ್ತಾರೆ. ಆ ಏರಿಗೆ ಎಷ್ಟೋ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಮಂದಿ ಸತ್ತದ್ದು ಹಗಲು ಹೊತ್ತಿನಲ್ಲಿ. ಹೆರಿಗೆಯ ನಂತರದ ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ತಾಯಿಯ ಪ್ರಾಣ ಹೋಗಲು ಎರಡು ಗಂಟೆ ಸಾಕು ಎಂದು ಶುಶ್ರೂಷಕಿಯವರು ಹೇಳಿದ್ದನ್ನು ಈ ರಸ್ತೆಯ ಜೊತೆ ಇಟ್ಟು ನೋಡಿದಾಗ ಪ್ರಶ್ನೆಯ ಆಕಾರ ಬದಲಾಯಿತು. ತಾಯಂದಿರ ಸಾವಿಗೆ ಮೂರು ವಿಳಂಬಗಳು ಕಾರಣ ಎಂದು ಆರೋಗ್ಯ ಕಾರ್ಯಕರ್ತರಿಗೆ ಕಲಿಸುತ್ತಾರೆ: ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನಿಸುವುದರಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ. ಇಲಾಖೆಯ ಪ್ರಸ್ತಾವ ಮೂರನೆಯ ವಿಳಂಬವನ್ನು ಕಡಿಮೆ ಮಾಡುತ್ತಿತ್ತು. ಎರಡನೆಯದು ಅದರಿಂದ ಹೆಚ್ಚುವುದೋ ಕಡಿಮೆಯಾಗುವುದೋ ಎಂಬ ಲೆಕ್ಕವನ್ನು ಪ್ರಸ್ತಾವದ ಯಾವ ಪುಟದಲ್ಲೂ ಯಾರೂ ಹಾಕಿರಲಿಲ್ಲ.

ಆಶಾ ಕಾರ್ಯಕರ್ತೆಯೊಬ್ಬರು ಎತ್ತಿದ ಇನ್ನೊಂದು ಸಂಗತಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಬ್ಬು ಕಡಿಯಲು ಉತ್ತರದ ಜಿಲ್ಲೆಗಳಿಂದ ಬಂದು ಗದ್ದೆಯ ಅಂಚಿನಲ್ಲಿ ಗುಡಾರ ಹಾಕಿಕೊಳ್ಳುವ ಕುಟುಂಬಗಳಲ್ಲಿ ತುಂಬು ಬಸುರಿಯರೂ ಇರುತ್ತಾರೆ; ಅವರ ತಾಯಿ ಕಾರ್ಡು ಊರಿನಲ್ಲೇ ಉಳಿದಿರುತ್ತದೆ, ಕೈಯಲ್ಲಿ ಇರುವುದು ಮೇಸ್ತ್ರಿಯ ಫೋನ್ ನಂಬರ್ ಮಾತ್ರ. ಅವರಿಗೆ ನಡೆದು ಹೋಗಬಹುದಾದ ದೂರದಲ್ಲಿರುವುದು ಹೋಬಳಿ ಆಸ್ಪತ್ರೆ ಒಂದೇ. ಯಾವ ಪಂಚಾಯಿತಿಯ ಮತದಾರರ ಪಟ್ಟಿಯಲ್ಲೂ ಇಲ್ಲದ ಇವರ ವಿಷಯ ನಮ್ಮ ವರದಿಯಲ್ಲಿ ಬರಬೇಕೆಂದು ಅವರು ಹಟ ಹಿಡಿದರು, ಬಂತು.

ವರದಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಸಲ್ಲಿಸಿದೆವು. ಪ್ರತಿ ಕಡೆಯೂ ಸ್ವೀಕೃತಿ ಮೊಹರು ಹಾಕಿಸಿಕೊಂಡೆವು. ಅದರಲ್ಲಿ ನಾವು ವರ್ಗಾವಣೆ ರದ್ದಾಗಲಿ ಎಂದು ಕೇಳಿರಲಿಲ್ಲ. ತಜ್ಞರು ತಾಲ್ಲೂಕು ಆಸ್ಪತ್ರೆಗೆ ಹೋಗುವ ದಿನಕ್ಕೆ ಮುಂಚೆಯೇ ಹೋಬಳಿ ಆಸ್ಪತ್ರೆಯ ಆವರಣದಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ಒಂದು ಆಂಬುಲೆನ್ಸ್ ನಿಲ್ಲಬೇಕು, ಸಹಜ ಹೆರಿಗೆಗಾಗಿ ತರಬೇತಿಯುಳ್ಳ ಶುಶ್ರೂಷಕಿಯರ ಮೂರೂ ಪಾಳಿ ಭರ್ತಿಯಿರಬೇಕು, ಗಂಡಾಂತರದ ಗರ್ಭಿಣಿಯರನ್ನು ದಿನ ತುಂಬುವ ಮೊದಲೇ ದಾಖಲಿಸಿಕೊಳ್ಳಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯುವ ಕೊಠಡಿ ಆಗಬೇಕು, ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದ ಪ್ರತಿಯೊಂದು ಪ್ರಕರಣದ ಕಾರಣವನ್ನೂ ಹೆಸರಿಲ್ಲದ ತಿಂಗಳ ತಖ್ತೆಯಲ್ಲಿ ಪಂಚಾಯಿತಿಗಳಿಗೆ ಕೊಡಬೇಕು ಎಂದು ಕೇಳಿದ್ದೆವು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ, ಕೊನೆಗೆ ಮಗುವಿನೊಂದಿಗೆ ಮನೆಗೆ ಸಾಗಿಸುವುದು ಸಂಪೂರ್ಣ ಉಚಿತವಾಗಿರಬೇಕು. ಆದ್ದರಿಂದ ನಮ್ಮ ಬೇಡಿಕೆ ಹೊಸದೇನಲ್ಲ, ಇರುವ ನಿಯಮದ ಪಾಲನೆಯಷ್ಟೇ ಎಂದು ಬರೆದೆವು. ಸರ್ಕಾರಿ ಕಚೇರಿಯಲ್ಲಿ ಹೊಸದನ್ನು ಕೇಳುವವರಿಗಿಂತ ಹಳೆಯ ಸುತ್ತೋಲೆಯ ಪಾಲನೆ ಕೇಳುವವರಿಗೆ ಉತ್ತರ ಕೊಡುವುದು ಕಷ್ಟ ಎಂಬುದನ್ನು ಪಿಡಿಒ ಅವರೇ ಹೇಳಿಕೊಟ್ಟಿದ್ದು.

ಉತ್ತರ ಬರಲಿಲ್ಲ. ವಿಷಯವನ್ನು ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಗೆ ಒಯ್ಯಲು ಶಾಸಕರನ್ನು ಕಂಡೆವು. ಅವರು ಕಾರ್ಯಸೂಚಿಯಲ್ಲಿ ಸೇರಿಸಲು ಒಪ್ಪಿ, ನಮ್ಮಲ್ಲಿ ಇಬ್ಬರಿಗೆ ಸಭೆಯಲ್ಲಿ ಕುಳಿತುಕೊಳ್ಳಲು ಅನುಮತಿ ಕೊಟ್ಟರು. ಕೆಡಿಪಿ ಸಭೆಯನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಕುಡಿಯುವ ನೀರು, ಹೇಮಾವತಿ ನಾಲೆಯ ಹೂಳು, ರಾಗಿ ಖರೀದಿ ಕೇಂದ್ರ, ಶಾಲೆಯ ಮೊಟ್ಟೆ ಎಲ್ಲವೂ ಮುಗಿದು ಆರೋಗ್ಯ ಇಲಾಖೆಯ ಸರದಿ ಬರುವಾಗ ಊಟದ ಹೊತ್ತು ಮೀರಿತ್ತು. ಇಲಾಖೆಯ ವರದಿಯಲ್ಲಿ ಗುರಿ, ಸಾಧನೆ, ಶೇಕಡಾವಾರು ಎಂಬ ಮೂರು ಕಲಮುಗಳಿದ್ದು, ಲಸಿಕೆ, ಗರ್ಭಿಣಿಯರ ನೋಂದಣಿ, ಆಸ್ಪತ್ರೆಯಲ್ಲಿ ಹೆರಿಗೆ ಎಲ್ಲವೂ ನೂರರ ಆಸುಪಾಸಿನಲ್ಲಿದ್ದವು. ಈ ಕಲಮುಗಳಲ್ಲಿ ಒಂದು ಆಸ್ಪತ್ರೆಯ ಸ್ವರೂಪವೇ ಬದಲಾಗುತ್ತಿರುವ ಸಂಗತಿ ಸೇರಲು ಜಾಗವೇ ಇಲ್ಲ. ಮನೆಯಿಂದ ಹೊರಟವಳು ಹೋಬಳಿ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ, ಮಂಡ್ಯ ಹೀಗೆ ಮೂರು ಬಾಗಿಲು ಮುಟ್ಟಿ ಹೆತ್ತರೂ ವರದಿಯಲ್ಲಿ ಅದು ಒಂದು ಸಾಂಸ್ಥಿಕ ಹೆರಿಗೆ, ಶೇಕಡ ನೂರು ಸಾಧನೆ. ಚುನಾಯಿತ ಸ್ಥಾಯಿ ಸಮಿತಿಯ ಜಾಗವನ್ನು ಈ ಪ್ರಗತಿ ಪರಿಶೀಲನೆ ತುಂಬಲಾರದು ಎಂಬುದು ಆ ದಿನ ನನಗೆ ಖಚಿತವಾಯಿತು: ಸಮಿತಿಯ ಸದಸ್ಯರು ಒಂದು ಆಸ್ಪತ್ರೆಗೆ ಹೋಗಿ, ಪುಸ್ತಕ ತರಿಸಿ, ಮುಂದಿನ ತಿಂಗಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಬಲ್ಲರು, ಕೆಡಿಪಿಯಲ್ಲಿ ಒಂದು ಇಲಾಖೆಗೆ ಸಿಗುವುದು ಕೆಲವು ನಿಮಿಷ.

ನಮಗೂ ಅಷ್ಟೇ ಸಿಕ್ಕಿತು. ನಾನು ವರದಿಯ ಸಾರಾಂಶ ಓದದೆ, ಒಂದೇ ಪುಟದಲ್ಲಿ ಬರೆದು ತಂದಿದ್ದ ರಾತ್ರಿಯ ವೇಳೆಗಳ ಪಟ್ಟಿಯನ್ನು ಶಾಸಕರ ಮುಂದಿಟ್ಟೆ. ಹೋಬಳಿ ಆಸ್ಪತ್ರೆಗೆ ಬಂದ ವೇಳೆ, ಅಲ್ಲಿಂದ ಕಳುಹಿಸಿದ ವೇಳೆ, ಮುಂದಿನ ಆಸ್ಪತ್ರೆಯಲ್ಲಿ ದಾಖಲಾದ ವೇಳೆ. ನಡುವಿನ ಅಂತರಗಳನ್ನು ಅವರು ಬೆರಳಿಟ್ಟು ಓದಿದರು. ಆರೋಗ್ಯಾಧಿಕಾರಿಗಳು ಅಂಕಿಗಳನ್ನು ಅಲ್ಲಗಳೆಯಲಿಲ್ಲ, ಏಕೆಂದರೆ ಅವು ಅವರದೇ ಪುಸ್ತಕದವು. ವಾಹನದ ನಿಲುಗಡೆ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಜಿಲ್ಲಾ ಹಂತಕ್ಕೆ ಬರೆಯುತ್ತೇನೆ ಎಂದರು. ಬರೆದ ಪತ್ರದ ಪ್ರತಿಯನ್ನು ಪಂಚಾಯಿತಿಗೂ ಕೊಡಬೇಕು, ಮುಂದಿನ ಸಭೆಗೆ ಅನುಪಾಲನಾ ವರದಿಯಲ್ಲಿ ಇದು ಬರಬೇಕು ಎಂದು ಶಾಸಕರು ಸೂಚಿಸಿದ್ದು ನಡಾವಳಿಯಲ್ಲಿ ದಾಖಲಾಯಿತು. ಆ ಕೊನೆಯ ವಾಕ್ಯ ದಾಖಲಾಗುವ ತನಕ ನಾವು ಕುರ್ಚಿ ಬಿಟ್ಟು ಏಳಲಿಲ್ಲ.

ಬಳಿಕ ಆದದ್ದನ್ನು ಹೀಗೆ ಹೇಳಬಹುದು. ಇಬ್ಬರು ತಜ್ಞರೂ ತಾಲ್ಲೂಕು ಆಸ್ಪತ್ರೆಗೆ ಹೋದರು. ರಾತ್ರಿ ಹೊತ್ತು ಒಂದು ಆಂಬುಲೆನ್ಸ್ ಹೋಬಳಿ ಆಸ್ಪತ್ರೆಯ ಆವರಣದಲ್ಲಿ ನಿಲ್ಲತೊಡಗಿತು; ಹೊಸ ವಾಹನವಲ್ಲ, ಬೇರೆಡೆ ನಿಲ್ಲುತ್ತಿದ್ದುದನ್ನೇ ಇಲ್ಲಿಗೆ ತಂದರು, ಹಾಗಾಗಿ ಆ ಊರಿನ ಪಂಚಾಯಿತಿಯವರಿಗೆ ನಮ್ಮ ಮೇಲೆ ಅಸಮಾಧಾನವಿದೆ, ಮತ್ತು ಅದು ನ್ಯಾಯವಾದದ್ದೇ. ಶುಶ್ರೂಷಕಿಯರ ಮೂರು ಪಾಳಿಗಳಲ್ಲಿ ಒಂದು ಈಗಲೂ ಗುತ್ತಿಗೆ ನೌಕರರ ಮೇಲೆ ನಡೆಯುತ್ತಿದೆ. ಕಾಯುವ ಕೊಠಡಿಗೆ ಅನುದಾನವಿಲ್ಲ ಎಂಬ ಒಂದು ಸಾಲಿನ ಹಿಂಬರಹ ಬಂತು. ಆಸ್ಪತ್ರೆಯ ನಿರ್ವಹಣೆಗಿರುವ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಎರಡು ಹಾಸಿಗೆಗಾದರೂ ಆಗಬಹುದೇ ಎಂದು ಕೇಳಿ ಮತ್ತೆ ಬರೆದಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯ ಸಿಸೇರಿಯನ್ ಶುರುವಾಗಿದೆ ಎಂದು ಆಶಾ ಕಾರ್ಯಕರ್ತೆಯರು ಹೇಳುತ್ತಾರೆ, ಆದರೆ ರಕ್ತಕ್ಕಾಗಿ ಮಂಡ್ಯಕ್ಕೆ ಓಡುವುದು ತಪ್ಪಿಲ್ಲ.

ತಿಂಗಳ ತಖ್ತೆ ಮಾತ್ರ ನಾವು ಕೇಳಿದ ರೂಪದಲ್ಲೇ ಬಂತು. ಮೊದಲ ತಿಂಗಳು ಅದನ್ನು ಪಂಚಾಯಿತಿ ಸಭೆಯಲ್ಲಿ ಓದಿದಾಗ, ರಸ್ತೆ ತಡೆಗೆ ಸಿದ್ಧನಾಗಿದ್ದ ಅದೇ ಹುಡುಗ ಬಂದು ಕುಳಿತು, ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳುಹಿಸಿದವರ ಕಾರಣದ ಕಲಮಿನಲ್ಲಿ ‘ತಜ್ಞರು ರಜೆಯಲ್ಲಿದ್ದ ಕಾರಣ’ ಎಂಬುದು ಎಷ್ಟು ಸಲ ಬಂದಿದೆ ಎಂದು ಎಣಿಸಿದ. ಎರಡನೆಯ ತಿಂಗಳು ಆ ಕಲಮಿನಲ್ಲಿ ‘ವೈದ್ಯಕೀಯ ಕಾರಣ’ ಎಂದಷ್ಟೇ ಇತ್ತು. ಕಾರಣವನ್ನು ಬಿಡಿಸಿ ಬರೆಯುವಂತೆ ಕೋರಿ ಪತ್ರ ಬರೆದೆವು. ಮೂರನೆಯ ತಿಂಗಳ ತಖ್ತೆ ಇನ್ನೂ ಬಂದಿಲ್ಲ. ನಮ್ಮ ಅವಧಿ ಮುಗಿಯುತ್ತ ಬಂದಿರುವುದರಿಂದ, ಅರ್ಜಿಗಳ ಸ್ವೀಕೃತಿ, ಹೆರಿಗೆ ಪುಸ್ತಕದ ಪ್ರತಿಗಳು, ವೇಳೆಗಳ ಪಟ್ಟಿ ಮತ್ತು ಕೆಡಿಪಿ ನಡಾವಳಿಯ ಪ್ರತಿಯನ್ನು ಒಂದು ಕಡತವಾಗಿ ಹೊಲಿಸಿ, ಪುಟಸಂಖ್ಯೆ ಹಾಕಿ, ಪಂಚಾಯಿತಿಯ ದಾಖಲೆಗಳ ಪಟ್ಟಿಗೆ ಸೇರಿಸಿದ್ದೇವೆ. ಮುಂದಿನ ಕೆಡಿಪಿ ಸಭೆಯ ಕಾರ್ಯಸೂಚಿಗೆ ಈ ವಿಷಯ ಮತ್ತೆ ಸೇರಬೇಕೆಂದು ಕೋರುವ ಪತ್ರ ನಿನ್ನೆ ತಾಲ್ಲೂಕು ಪಂಚಾಯಿತಿಯ ಟಪಾಲಿಗೆ ಹೋಗಿದೆ.